ಬಿಸಿಲು ಬರೆದ ಮುಖಗಳು

ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನವನ್ನು ಇತಿಹಾಸಾಸಕ್ತರು ಬಲ್ಲರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕ್ರಿ. ಶ. 945ರಲ್ಲಿ, ಆಗ ಪಾವಿಟ್ಟಗೆ ಎನಿಸಿಕೊಂಡಿದ್ದ ಈ ಊರಿನಲ್ಲಿ ಶಾಲೆಯೊಂದನ್ನು ಕಟ್ಟಿಸಿದ. ನಾಡನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ಊರಿನಲ್ಲಿ ಮದುವೆಯಾದರೆ 5 ‘ಪುಷ್ಪ’ ನಾಣ್ಯ, ಉಪನಯನವಾದರೆ ಅದರ ಅರ್ಧ ಶಾಲೆಗೆ ಸಲ್ಲಬೇಕೆಂಬ ಕಟ್ಟಳೆಯೂ ಇತ್ತು. ಮಂತ್ರಿಯ ಹೆಸರು ಕಲ್ಲಿನಲ್ಲಿ ಉಳಿಯಿತು. ಕಾಣಿಕೆ ಸಲ್ಲಿಸಿದ ಮದುಮಕ್ಕಳ ಹೆಸರೂ ಉಳಿಯಲಿಲ್ಲ, ಮುಖವೂ ಉಳಿಯಲಿಲ್ಲ.

ಸಾಮಾನ್ಯರ ಮುಖ ಉಳಿಯತೊಡಗಿದ್ದು ಸುಮಾರು ಒಂಬತ್ತು ಶತಮಾನಗಳ ತರುವಾಯ, ಛಾಯಾಗ್ರಹಣ ಬಂದ ಮೇಲೆ. ಆದರೆ ಹಾಗೆ ಉಳಿದದ್ದು ನಿಜವಾಗಿಯೂ ಅವರ ಮುಖವೇ ಎಂಬುದು ಕೇಳಬೇಕಾದ ಪ್ರಶ್ನೆ.

ವಿಜಾಪುರದಲ್ಲಿ ಕ್ಯಾಮರಾದ ಮೊದಮೊದಲ ದೊಡ್ಡ ಕೆಲಸ ನಡೆದದ್ದು ಕಟ್ಟಡಗಳಿಗಾಗಿ. 1855ರಲ್ಲಿ ಮುಂಬಯಿ ಸರಕಾರ ಕ್ಯಾಪ್ಟನ್ ಬಿಗ್ಸ್ ಎಂಬ ಸೈನ್ಯಾಧಿಕಾರಿಯನ್ನು ಇಲ್ಲಿಗೆ ಕಳಿಸಿತು. ಆತ ಬಳಸಿದ್ದು ಕಾಗದದ ನೆಗೆಟಿವ್. ಅದರ ಮೇಲೆ ಚಿತ್ರ ಮೂಡಲು ನಿಮಿಷಗಳೇ ಬೇಕು. ಗೋಳಗುಮ್ಮಟಕ್ಕೆ ಅದರಿಂದ ತೊಂದರೆಯಿಲ್ಲ. ಅದು ಅಲುಗುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಮನುಷ್ಯನ ಪಾಡು ಬೇರೆ.

ಮನುಷ್ಯರನ್ನು ಹಿಡಿಯಲು ಅನುಕೂಲವಾಗಿ ಒದಗಿದ್ದು 1851ರಲ್ಲಿ ಪ್ರಕಟವಾದ ಒದ್ದೆ ಗಾಜಿನ ತಟ್ಟೆಯ ವಿಧಾನ. ಗಾಜಿಗೆ ಕೊಲೋಡಿಯನ್ ಎಂಬ ಅಂಟು ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕು. ನಮ್ಮ ಬಯಲುಸೀಮೆಯ ಒಣಗಾಳಿಯಲ್ಲಿ ತಟ್ಟೆ ಬೇಗ ಆರುತ್ತದೆ. ಆದ್ದರಿಂದ ಕತ್ತಲೆಯ ಡೇರೆಯೂ ಛಾಯಾಗ್ರಾಹಕನ ಜೊತೆಗೇ ಊರೂರು ತಿರುಗಬೇಕಿತ್ತು. ನೆರಳಿನಲ್ಲಿ ಕೂರಿಸಿದರೆ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಕೂತವರು ಅಲುಗುತ್ತಾರೆ. ಹಾಗಾಗಿ ಬಿಸಿಲಿಗೇ ನಿಲ್ಲಿಸುವ ಆಸೆ ಹೆಚ್ಚು. ಉಸಿರು ಬಿಗಿಹಿಡಿದು ನಿಂತವರ ಹುಬ್ಬು ಗಂಟಿಕ್ಕುತ್ತಿತ್ತು. ನೆತ್ತಿಯ ಮೇಲಿನ ಸೂರ್ಯ ಕಣ್ಣಗುಳಿಗಳಲ್ಲಿ ಕಪ್ಪು ತುಂಬುತ್ತಿದ್ದ. ಅಷ್ಟು ಹೊತ್ತು ನಗೆಯನ್ನು ತುಟಿಯ ಮೇಲೆ ನಿಲ್ಲಿಸುವುದು ಯಾರಿಂದ ಸಾಧ್ಯ?

ಇನ್ನೊಂದು ದೋಷ ತಟ್ಟೆಯದೇ. ಅದಕ್ಕೆ ನೀಲಿಯಷ್ಟೇ ಚೆನ್ನಾಗಿ ಕಾಣುತ್ತಿತ್ತು. ಕೆಂಪು, ಹಳದಿ ಬಹುಪಾಲು ಕಾಣುತ್ತಿರಲಿಲ್ಲ. ನೀಲಿ ಬಾನು ಬೆಳ್ಳಗೆ ಬೀಳುತ್ತಿತ್ತು. ಹಣೆಯ ಕುಂಕುಮ, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗುತ್ತಿದ್ದವು. ಗೋಧಿಬಣ್ಣದ ಮೈ ಇದ್ದುದಕ್ಕಿಂತ ಎಷ್ಟೋ ಕಪ್ಪಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ತಟ್ಟೆಗಳು 1906ರಲ್ಲಿ ಮಾರಾಟಕ್ಕೆ ಬಂದರೂ ಹಳೆಯ ಬಗೆಯವು ಬಹುಕಾಲ ನಡೆದವು.

ಇಷ್ಟೇ ಆಗಿದ್ದರೆ ಇದು ಕಸುಬಿನ ಕಷ್ಟವೆಂದು ಬಿಡಬಹುದಿತ್ತು. 1868ರಿಂದ 1875ರವರೆಗೆ ಬ್ರಿಟಿಷ್ ಸರಕಾರ ಭಾರತದ ಜನರನ್ನು ಕುರಿತು 8 ಸಂಪುಟಗಳನ್ನು ಹೊರತಂದಿತು. ಅವುಗಳಲ್ಲಿ 450ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ವಿವರಣೆ ಬರೆದವರಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನೂ ಒಬ್ಬ. ಒಬ್ಬಿಬ್ಬರ ಚಿತ್ರ ಮುಂದಿಟ್ಟುಕೊಂಡು ಇಡೀ ಜಾತಿಯೇ ಕಪಟಿ, ಇಡೀ ಪಂಗಡವೇ ಒರಟು ಎಂಬಂಥ ತೀರ್ಪುಗಳು ಅಲ್ಲಿ ಕಾಣುತ್ತವೆ. ಬಿಸಿಲಿಗೆ ಕಿರಿದಾದ ಕಣ್ಣನ್ನು ಕುಟಿಲವೆಂದೂ, ಉಸಿರು ಬಿಗಿಹಿಡಿದ ತುಟಿಯನ್ನು ಕ್ರೌರ್ಯವೆಂದೂ ಓದುವುದು ಎಷ್ಟು ಸುಲಭ!

1869ರಲ್ಲಿ ಲಂಡನ್ನಿಗೆ ಹೋದ ಸಯ್ಯದ್ ಅಹಮದ್ ಖಾನರು ಈ ಪುಸ್ತಕವನ್ನು ಇಂಡಿಯಾ ಕಚೇರಿಯಲ್ಲಿ ಕಂಡು ನೊಂದರು. ಅವರ ಮಗ ಮಹಮೂದ್ ಅದನ್ನು ತಿರುವಿ ಹಾಕುತ್ತಿದ್ದಾಗ ಆಂಗ್ಲ ತರುಣನೊಬ್ಬ ನೀವು ಹಿಂದೂಸ್ಥಾನದವರೇ ಎಂದು ಕೇಳಿದನಂತೆ. ಹೌದೆಂದ ಮಹಮೂದ್, ಒಡನೆಯೇ ತಾನು ಅಲ್ಲಿನ ಮೂಲನಿವಾಸಿಯಲ್ಲ, ತನ್ನ ಹಿರಿಯರು ಬೇರೆ ದೇಶದಿಂದ ಬಂದವರು ಎಂದು ಸೇರಿಸಿದ. ಚಿತ್ರವೊಂದು ಮನುಷ್ಯನನ್ನು ತನ್ನವರಿಂದಲೇ ದೂರ ಸರಿಯುವಂತೆ ಮಾಡಬಲ್ಲುದು.

ಬಲ್ಲ ಛಾಯಾಗ್ರಾಹಕನಿಗೆ ದಾರಿಗಳಿಲ್ಲದೆ ಇರಲಿಲ್ಲ. ಬೆಳಗಿನ ಹೊತ್ತು, ಬೇವಿನ ನೆರಳು, ಪಡಸಾಲೆಯ ಅಂಚು, ಮುಖದ ಕಡೆಗೆ ಬೆಳಕು ಚೆಲ್ಲಲು ಹಿಡಿದ ಒಂದು ಬಿಳಿ ಧೋತರ: ಇಷ್ಟರಿಂದಲೇ ಮುಖ ಮೃದುವಾಗುತ್ತದೆ. ಆದರೆ ಅದಕ್ಕೆ ತಾಳ್ಮೆ ಬೇಕು, ಎದುರಿಗಿರುವವರ ಬಗ್ಗೆ ಅಕ್ಕರೆ ಬೇಕು. ಲೆಕ್ಕಕ್ಕಾಗಿ ಜನರನ್ನು ಸಾಲಾಗಿ ನಿಲ್ಲಿಸುವವನಿಗೆ ಅವೆರಡೂ ದುಬಾರಿ.

ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಇಂಥ ಪಟಗಳಿವೆ. ಅಜ್ಜಿ ಬಹಳ ಸಿಟ್ಟಿನವಳು, ಕಪ್ಪನೆಯವಳು ಎಂದು ಆ ಪಟ ನೋಡಿಯೇ ಮಕ್ಕಳು ಹೇಳುವುದುಂಟು. ಸಾಲೋಟಗಿಯ ಶಾಸನವನ್ನು ಓದುವವರು ಅಕ್ಷರ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಮೊದಲು ಬೇರ್ಪಡಿಸುತ್ತಾರೆ. ಪಟವನ್ನೂ ಹಾಗೆಯೇ ಓದಬೇಕು. ಆ ಸಿಟ್ಟಿನಲ್ಲಿ ಮಧ್ಯಾಹ್ನದ ಪಾಲೆಷ್ಟು, ಆ ಕಪ್ಪಿನಲ್ಲಿ ತಟ್ಟೆಯ ಪಾಲೆಷ್ಟು ಎಂದು ಕಳೆದು ನೋಡಿದರೆ, ಅಜ್ಜಿ ಅದರಾಚೆ ಎಲ್ಲೋ ಇದ್ದಾಳೆ. ಪಟ ತೆಗೆದಾದ ಮರುಗಳಿಗೆ ಆಕೆ ನಕ್ಕಿರಲೂಬಹುದು.