ಜಿನಬಿಂಬ ಮತ್ತು ಶ್ರುತಭಂಡಾರಗಳ ಸಂರಕ್ಷಣೆ: ಒಂದು ಐತಿಹಾಸಿಕ ಅವಲೋಕನ

ಜೀರ್ಣೋದ್ಧಾರಗೊಂಡ ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಾವಸರದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದುದು ನಿಜ. ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ತಂದೆಯವರ ತಾಮ್ರ ಹಿತ್ತಾಳೆಯ ಪಾತ್ರೆಯಂಗಡಿಯಲ್ಲಿ ಕುಳಿತವನು. ಆದರೂ ಮೂರು ದಶಕಗಳಿಗೂ ಮಿಕ್ಕಿ ಲೋಹವನ್ನು ತೂಗಿ, ತಿಕ್ಕಿ, ಮಾರಿದವನಿಗೆ ಅದರ ಸ್ವಭಾವ ಸ್ವಲ್ಪಮಟ್ಟಿಗೆ ತಿಳಿದಿರುತ್ತದೆ. ಆ ಸಲಿಗೆಯಿಂದಲೂ, ಮನಸ್ಸಿನಲ್ಲಿ ಬಹುಕಾಲದಿಂದ ಕುಳಿತಿರುವ ಒಂದು ನೋವಿನಿಂದಲೂ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ನೋವಿನ ಸಂಗತಿಯನ್ನೇ ಮೊದಲು ನಿವೇದಿಸುತ್ತೇನೆ. ನಾನು ಅಂಗಡಿಗೆ ಬಂದ ಹೊಸದರಲ್ಲಿ ಒಂದು ಊರಿನ ಬಸದಿಯಲ್ಲಿ ಉತ್ಸವ ನಡೆಯಿತು. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಗೇಣುದ್ದದ ಹಳೆಯ ಕಂಚಿನ ಪಾರ್ಶ್ವನಾಥ ಸ್ವಾಮಿಯ ಬಿಂಬವಿತ್ತು. ಕಪ್ಪಾಗಿದೆ, ಹೊಳೆಯಬೇಕು ಎಂದು ಎಲ್ಲರ ಅಪೇಕ್ಷೆ. ಹುಣಸೆಹಣ್ಣು, ಉಪ್ಪು, ಅದರ ಮೇಲೆ ಮೆರುಗಿನ ಪುಡಿ. ಪುಡಿಯನ್ನು ಕೊಟ್ಟವನು ನಾನೇ, ತಿಕ್ಕಿದವರಲ್ಲಿಯೂ ನಾನೊಬ್ಬ. ಬಿಂಬವು ಚಿನ್ನದಂತೆ ಹೊಳೆಯಿತು, ಎಲ್ಲರೂ ಹರ್ಷಪಟ್ಟರು. ಕೆಲವು ವರ್ಷಗಳ ಅನಂತರ ಶಾಸನಗಳನ್ನು ಓದಬಲ್ಲ ವಿದ್ವಾಂಸರೊಬ್ಬರು ಬಂದು ಪೀಠವನ್ನು ತಿರುಗಿಸಿ ನೋಡಿದರು. ಎರಡು ಸಾಲಿನ ಬರಹದಲ್ಲಿ ಆರಂಭದ 'ಶ್ರೀ ಮೂಲಸಂಘ' ಎಂಬಷ್ಟು ಉಳಿದು, ಮಾಡಿಸಿದವರ ಹೆಸರು ಸವೆದುಹೋಗಿತ್ತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಈ ಕುರಿತು ಕೈಗೆ ಸಿಕ್ಕಿದ್ದನ್ನು ಓದುತ್ತ ಬಂದಿದ್ದೇನೆ. ಪ್ರಾಚೀನ ವಸ್ತುಗಳ ಸಂರಕ್ಷಣೆಯು ಒಂದು ಶಾಸ್ತ್ರವಾಗಿ ಬೆಳೆದದ್ದು ಇತ್ತೀಚಿನ ಮಾತು. 1888ರಲ್ಲಿ ಬರ್ಲಿನ್ನಿನ ರಾಜಕೀಯ ವಸ್ತುಸಂಗ್ರಹಾಲಯಗಳಲ್ಲಿ ಫ್ರೀಡ್ರಿಕ್ ರಾಟ್ಗೆನ್ ಎಂಬ ರಸಾಯನ ಶಾಸ್ತ್ರಜ್ಞನನ್ನು ನೇಮಿಸಿ ಪ್ರಯೋಗಾಲಯವೊಂದನ್ನು ತೆರೆದುದೇ ಇದರ ಆರಂಭವೆನ್ನುತ್ತಾರೆ. ಲಂಡನ್ನಿನ ಕಥೆ ಇನ್ನೂ ಬೋಧಪ್ರದವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ ಬಾಂಬುಗಳ ಭಯದಿಂದ ಬ್ರಿಟಿಷ್ ಮ್ಯೂಸಿಯಂನವರು ತಮ್ಮ ಸಂಗ್ರಹದ ಅನೇಕ ವಸ್ತುಗಳನ್ನು ಭೂಗತ ರೈಲ್ವೆಯ ಸುರಂಗಗಳಲ್ಲಿ ಅಡಗಿಸಿಟ್ಟರು. ಯುದ್ಧ ಮುಗಿದು ಪೆಟ್ಟಿಗೆಗಳನ್ನು ತೆರೆದಾಗ ಕಬ್ಬಿಣವು ತುಕ್ಕು ಹಿಡಿದಿತ್ತು, ಕಂಚಿನ ಮೇಲೆ ಹಸಿರು ಪುಡಿ ಎದ್ದಿತ್ತು, ಕಲ್ಲಿನಿಂದ ಉಪ್ಪು ಹೊರಸೂಸಿತ್ತು. ಬಾಂಬು ಮಾಡದಿದ್ದುದನ್ನು ತೇವವು ಮಾಡಿತ್ತು. ಅಲೆಕ್ಸಾಂಡರ್ ಸ್ಕಾಟ್ ಎಂಬ ವಿಜ್ಞಾನಿಯನ್ನು ಕರೆಸಿ, 1920ರಲ್ಲಿ ತಾತ್ಕಾಲಿಕವೆಂದು ತೆರೆದ ಪ್ರಯೋಗಾಲಯವು ಶಾಶ್ವತವಾಯಿತು.

ನಮ್ಮ ದೇಶವು ಇದರಲ್ಲಿ ಹಿಂದೆ ಬಿದ್ದಿರಲಿಲ್ಲವೆಂಬುದು ಹೆಮ್ಮೆಯ ಸಂಗತಿ. ಲಂಡನ್ನಿಗಿಂತ ಮೊದಲೇ, 1917ರಲ್ಲಿ, ಭಾರತೀಯ ಪುರಾತತ್ತ್ವ ಇಲಾಖೆಯು ಮೊಹಮ್ಮದ್ ಸನಾಉಲ್ಲಾ ಅವರನ್ನು ಪುರಾತತ್ತ್ವ ರಸಾಯನ ಶಾಸ್ತ್ರಜ್ಞರನ್ನಾಗಿ ನೇಮಿಸಿತು. ಆ ವಿಜ್ಞಾನ ಶಾಖೆಯ ಕೇಂದ್ರವು ಮುಂದೆ ಡೆಹರಾಡೂನಿಗೆ ಹೋಯಿತು. ದಕ್ಷಿಣದಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ಪ್ರಯೋಗಾಲಯವು ಆರಂಭವಾಗಿ, ಎಸ್. ಪರಮಶಿವನ್ ಅವರು ರೋಗ ಹಿಡಿದ ಕಂಚಿನ ವಿಗ್ರಹಗಳಿಗೆ ವಿದ್ಯುತ್ತಿನ ಸಹಾಯದಿಂದ ಚಿಕಿತ್ಸೆ ಮಾಡಿದರು. 1976ರಲ್ಲಿ ಲಕ್ನೋದಲ್ಲಿ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯವು ಸ್ಥಾಪಿತವಾಯಿತು. ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಿನಲ್ಲಿಯೇ ಇರುವುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

'ರೋಗ' ಎಂಬ ಮಾತನ್ನು ಅಲಂಕಾರಕ್ಕಾಗಿ ಬಳಸಲಿಲ್ಲ. ಕಂಚಿನ ರೋಗವೆಂದೇ ಶಾಸ್ತ್ರಜ್ಞರು ಅದನ್ನು ಕರೆಯುತ್ತಾರೆ. ಹಳೆಯ ಬಿಂಬದ ಮೇಲೆ ಕಾಲಕ್ರಮದಲ್ಲಿ ಕಟ್ಟುವ ಗಟ್ಟಿಯಾದ ಕಂದು ಅಥವಾ ದಟ್ಟ ಹಸಿರು ಪೊರೆಯು ರೋಗವಲ್ಲ. ಅದು ಲೋಹವು ತಾನೇ ಹೊದ್ದುಕೊಂಡ ಕವಚ. ಅದನ್ನು ಕೊಳೆಯೆಂದು ತಿಳಿದು ಕೆರೆಯುವುದೇ ನಮ್ಮ ಮೊದಲ ತಪ್ಪು. ರೋಗವೆಂದರೆ ಬೇರೆ. ಲೋಹದೊಳಗೆ ಉಪ್ಪಿನ ಅಂಶವಾದ ಕ್ಲೋರೈಡು ಸೇರಿದ್ದರೆ, ಗಾಳಿಯ ತೇವ ತಾಗಿದೊಡನೆ ಅದು ಆಮ್ಲವಾಗಿ ತಾಮ್ರವನ್ನು ತಿನ್ನುತ್ತದೆ, ತಿಂದ ಮೇಲೆ ಮತ್ತೆ ಕ್ಲೋರೈಡಾಗಿ ನಿಲ್ಲುತ್ತದೆ, ಮತ್ತೆ ತಿನ್ನುತ್ತದೆ. ಮೈಮೇಲೆ ಅಲ್ಲಲ್ಲಿ ತೆಳು ಹಸಿರಿನ ಪುಡಿ ಎದ್ದು, ಒರೆಸಿದರೆ ಉದುರಿ, ಕೆಳಗೆ ಗುಳಿ ಬಿದ್ದಿದ್ದರೆ ಅದು ಈ ರೋಗ. ಅಸಲಿನ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ ಬೆಳೆಯುವುದನ್ನು ಬಲ್ಲ ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಥ ಬಿಂಬವನ್ನು ಒಣಗಿದ ಸ್ಥಳದಲ್ಲಿ ಬೇರೆಯಾಗಿಟ್ಟು ತಜ್ಞರನ್ನು ಕರೆಯಬೇಕು. 1960ರ ದಶಕದಿಂದ ಬೆಂಜೋಟ್ರಯಜೋಲ್ ಎಂಬ ರಾಸಾಯನಿಕವನ್ನು ಇದಕ್ಕೆ ಬಳಸುತ್ತಿದ್ದಾರೆ. ಅದು ವಿಷಕಾರಿಯಾದುದರಿಂದ ಮನೆಮದ್ದಿನಂತೆ ಹಚ್ಚತಕ್ಕದ್ದಲ್ಲ.

ಈಗ ನಮ್ಮ ಹುಣಸೆಹಣ್ಣಿನ ವಿಚಾರಕ್ಕೆ ಬರೋಣ. ಹುಣಸೆಯ ಹುಳಿಯು ಕವಚವನ್ನು ಕರಗಿಸುತ್ತದೆ. ಅದರೊಡನೆ ಬೆರೆಸುವ ಉಪ್ಪು ರೋಗದ ಬೀಜವನ್ನೇ ಬಿತ್ತುತ್ತದೆ. ದಿನವೂ ಬಳಸುವ ಬಿಂದಿಗೆಗೆ ಇದರಿಂದ ಬಾಧೆಯಿಲ್ಲ, ಏಕೆಂದರೆ ಹತ್ತಾರು ವರ್ಷಗಳಲ್ಲಿ ಅದು ಸವೆದು ಮತ್ತೆ ನನ್ನ ಅಂಗಡಿಗೇ ಬರುತ್ತದೆ. ಬಿಂಬವು ಹಾಗೆ ಬರತಕ್ಕದ್ದಲ್ಲ. ಅಭಿಷೇಕವನ್ನು ನಿಲ್ಲಿಸಬೇಕೆಂದು ನಾನು ಎಂದೂ ಹೇಳಲಾರೆ. ಎಳನೀರಿನಲ್ಲಿ ಲವಣಗಳಿವೆ, ಹಾಲು ಮೊಸರುಗಳ ಅಂಶ ಸಂದುಗಳಲ್ಲಿ ನಿಂತು ಹುಳಿಯಾಗುತ್ತದೆ. ಆದುದರಿಂದ ಅಭಿಷೇಕಾನಂತರ ಶುದ್ಧಜಲದಿಂದ ಚೆನ್ನಾಗಿ ತೊಳೆದು, ಮೃದುವಾದ ಹತ್ತಿಯ ಬಟ್ಟೆಯಿಂದ ಪೀಠದ ಹಿಂಬದಿಯವರೆಗೂ ತೇವವನ್ನು ಒತ್ತಿ ತೆಗೆಯಬೇಕೆಂಬುದಷ್ಟೇ ನನ್ನ ವಿಜ್ಞಾಪನೆ. ನಮ್ಮ ಹಿರಿಯ ಇಂದ್ರರು ಮಾಡುತ್ತಿದ್ದುದೂ ಇದನ್ನೇ.

ಬಿಂಬಗಳ ಮಾತು ಹೀಗಾದರೆ ಓಲೆಗರಿಗಳ ಇತಿಹಾಸವು ಇನ್ನೂ ರೋಮಾಂಚಕಾರಿಯಾಗಿದೆ. ಗಿರಿನಗರದ ಚಂದ್ರಗುಹೆಯಲ್ಲಿ ಧರಸೇನಾಚಾರ್ಯರಿಂದ ಶ್ರುತವನ್ನು ಪಡೆದ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಗ್ರಂಥಾರೂಢಗೊಳಿಸಿದರು. ಅದಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದ ಆರಂಭದಲ್ಲಿ ಧವಲಾ ಟೀಕೆಯನ್ನು ರಚಿಸಿದರು. ಈ ಮಹಾಗ್ರಂಥದ ಪ್ರಾಚೀನ ಪ್ರತಿಗಳು ಇಡೀ ಭರತಖಂಡದಲ್ಲಿ ಉಳಿದುದು ಒಂದೇ ಸ್ಥಳದಲ್ಲಿ, ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಹಳಗನ್ನಡ ಲಿಪಿಯಲ್ಲಿ, ಶ್ರೀತಾಳೆಯ ಗರಿಗಳ ಮೇಲೆ. ತುಳುನಾಡಿನ ಮಳೆ, ಗೆದ್ದಲು, ಬೂಷ್ಟು ಇವುಗಳ ನಡುವೆ ಅವು ಶತಮಾನಗಳನ್ನು ಕಳೆದವು. ದಪ್ಪ ಗೋಡೆಯ ಕತ್ತಲೆಯ ಕೋಣೆ, ಮರದ ಹಲಗೆಗಳ ನಡುವೆ ಬಿಗಿದ ಕಟ್ಟು, ಸುತ್ತಿದ ಬಟ್ಟೆ, ವರ್ಷಕ್ಕೊಮ್ಮೆ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪೂಜೆ: ಇವೇ ಅವುಗಳ ರಕ್ಷೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಚಿತ್ರಗಳನ್ನು ವೇಲ್ಸ್ ಪ್ರಾಂತದ ಕಲ್ಲುಗಣಿಯೊಳಗೆ ಒಂದೇ ಸಮನಾದ ಉಷ್ಣತೆ ತೇವಗಳಲ್ಲಿ ಇರಿಸಿದಾಗ ಬಣ್ಣದ ಪದರ ಏಳುವುದು ಕಡಿಮೆಯಾಯಿತಂತೆ. ಏರಿಳಿತವಿಲ್ಲದ ಹವೆಯ ಗುಣವನ್ನು ಅವರು ಹೀಗೆ ಕಂಡುಕೊಂಡರು. ಶ್ರುತಪಂಚಮಿಯನ್ನು ನಾವು ಪೂಜೆಯೆಂದಷ್ಟೇ ತಿಳಿಯುತ್ತೇವೆ. ಕಟ್ಟನ್ನು ಬಿಚ್ಚಿ, ಗರಿಗರಿಯನ್ನೂ ತಿರುವಿ, ಹುಳು ಬಿದ್ದಿದೆಯೋ ಎಂದು ನೋಡಲು ಮಳೆಗಾಲ ಬಲಿಯುವ ಮುಂಚೆ ಹಿರಿಯರು ನಿಗದಿಮಾಡಿದ ದಿನವೂ ಅದೇ ಅಲ್ಲವೇ?

1896ರ ಸುಮಾರಿಗೆ ಸೊಲ್ಲಾಪುರ, ಮುಂಬಯಿಗಳ ಧರ್ಮಪ್ರೇಮಿ ವರ್ತಕರ ಪ್ರಯತ್ನದಿಂದ ಪ್ರತಿಲೇಖನವು ಆರಂಭವಾಗಿ, ಕಾಲು ಶತಮಾನದವರೆಗೆ ನಡೆಯಿತು. ಡಾ. ಹೀರಾಲಾಲ ಜೈನರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಗೆ ಸಿಕ್ಕಿದ್ದು ಹೊರಗೆ ಹೋದ ಪ್ರತಿಗಳ ಪ್ರತಿಗಳು ಮಾತ್ರ. 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಒಂದು ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಅದರ ಮೇಲೆ ಪಂಡಿತರಲ್ಲಿ ದೊಡ್ಡ ವಾದವೇ ಎದ್ದಿತು. ಆ ಸೈದ್ಧಾಂತಿಕ ಚರ್ಚೆಗೆ ಕೈಹಾಕುವ ಯೋಗ್ಯತೆ ನನಗಿಲ್ಲ. ಅನಂತರ ಮೂಡಬಿದಿರೆಯವರ ಸಹಕಾರದಿಂದ ಮೂಲ ತಾಳೆಗರಿಯನ್ನು ನೋಡಿದಾಗ ಆ ಪದವು ಅಲ್ಲಿ ಇದ್ದೇ ಇತ್ತು! ನಕಲಿನಲ್ಲಿ ಜಾರಿದ ಪದವನ್ನು ಓಲೆಯು ಹಿಡಿದಿಟ್ಟಿತ್ತು. 'ಅಚ್ಚಾಗಿದೆಯಲ್ಲ, ಇನ್ನು ಓಲೆಯೇಕೆ' ಎನ್ನುವವರು, ಈಗ 'ಫೋಟೋ ತೆಗೆದಿದ್ದೇವಲ್ಲ' ಎನ್ನುವವರು ಈ ಸಂಗತಿಯನ್ನು ನೆನೆಯಬೇಕು.

ಮಹಾಬಂಧಕ್ಕೆ ಆ ಭಾಗ್ಯವು ಪೂರ್ಣವಾಗಿ ದೊರೆಯಲಿಲ್ಲ. ಅದರ ಕೆಲವು ಗರಿಗಳು ನಷ್ಟವಾಗಿ, ಮುದ್ರಿತ ಗ್ರಂಥದಲ್ಲಿಯೂ ಆ ಸ್ಥಳಗಳು ಬರಿದಾಗಿವೆ. ಈ ಹಾನಿಯ ಸುದ್ದಿಯನ್ನು ಕೇಳಿ ಮರುಗಿದ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು, ಬೆಳಗಾವಿ ಸೀಮೆಯ ಭೋಜ ಗ್ರಾಮದ ಆ ಮಹಾಮುನಿಗಳು, ಸಿದ್ಧಾಂತ ಗ್ರಂಥಗಳನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸಲು ಪ್ರೇರಣೆಯಿತ್ತರು. ಅವು ಫಲಟಣದಲ್ಲಿ ಸಂಗ್ರಹವಾದವು. ತಾಮ್ರವು ಗೆದ್ದಲಿಗೆ ಅಂಜುವುದಿಲ್ಲ. ಆದರೆ ಮೇಲೆ ಹೇಳಿದ ಉಪ್ಪಿಗೆ ಅಂಜುತ್ತದೆ ಎಂದು ಪಾತ್ರೆ ವ್ಯಾಪಾರಿಯಾದ ನಾನು ಸೇರಿಸದೆ ಇರಲಾರೆ.

ನಮ್ಮ ಮನೆಗಳ ಅಟ್ಟದ ಮೇಲೆ ಇಂದಿಗೂ ಓಲೆಯ ಕಟ್ಟುಗಳಿವೆ. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು, ಉರಿಬಿಸಿಲಿಗೆ ಹಾಕಬಾರದು; ಒಣ ಕುಂಚದಿಂದ ಧೂಳು ತೆಗೆದು, ಹತ್ತಿಯ ಬಟ್ಟೆಯಲ್ಲಿ ಬಿಗಿದಿಡಬೇಕು. ಸೆಟೆದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರುವ ರೂಢಿಯುಂಟು, ಅದನ್ನು ಬಲ್ಲವರ ಕೈಯಲ್ಲೇ ಮಾಡಿಸತಕ್ಕದ್ದು. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ಮೀರಿದ ಬಿಂಬವೂ, ಎಪ್ಪತ್ತೈದು ವರ್ಷ ಮೀರಿದ ಮಹತ್ತ್ವದ ಹಸ್ತಪ್ರತಿಯೂ ಪುರಾವಸ್ತುಗಳೇ. ನೋಂದಣಿ ಮಾಡಿಸಿದರೆ ಸರ್ಕಾರ ಒಯ್ಯುತ್ತದೆಂಬ ಹೆದರಿಕೆ ನಮ್ಮಲ್ಲಿ ಬಹಳ. ಒಡೆತನವು ಬಸದಿಯದೇ ಆಗಿರುತ್ತದೆ. ಕಳವಾದಾಗ ಮಾತ್ರ, ಛಾಯಾಚಿತ್ರವೂ ಅಳತೆಯೂ ಇಲ್ಲದ ಬಿಂಬವನ್ನು ನಮ್ಮದೆಂದು ಸಾಧಿಸುವುದು ಕಷ್ಟ.

ಈ ಬಾರಿ ಜೀರ್ಣೋದ್ಧಾರದ ಕಾಲದಲ್ಲಿ ಹಳೆಯ ಲೋಹಬಿಂಬಗಳನ್ನು ಸ್ಥಳಾಂತರಿಸುವಾಗ ಸಮಿತಿಯವರು ನನ್ನ ಮಾತಿಗೆ ಬೆಲೆಕೊಟ್ಟು ಯಾವ ಬಿಂಬಕ್ಕೂ ಮೆರುಗು ಹಾಕಿಸಲಿಲ್ಲ. ಪ್ರತಿಯೊಂದನ್ನೂ ಮುಂದಿನಿಂದ, ಹಿಂದಿನಿಂದ, ಪೀಠದ ಬರಹ ಕಾಣುವಂತೆ ಛಾಯಾಚಿತ್ರ ತೆಗೆಸಿ, ತೂಕ ಅಳತೆಗಳನ್ನು ಪುಸ್ತಕದಲ್ಲಿ ಬರೆದಿದ್ದೇವೆ. ತೂಗಿದವನು ನಾನೇ, ಅಂಗಡಿಯ ತಕ್ಕಡಿಯಲ್ಲಿ. ಒಂದು ಚಿಕ್ಕ ಚತುರ್ವಿಂಶತಿ ಬಿಂಬದ ಹಿಂದೆ ಇದುವರೆಗೆ ಯಾರೂ ಗಮನಿಸದಿದ್ದ ಒಂದು ಸಾಲು ಕಂಡಿದೆ. ಕಪ್ಪು ಪೊರೆಯ ಕೆಳಗೆ ಅಕ್ಷರಗಳು ಸ್ಪಷ್ಟವಾಗಿವೆ. ಓದಬಲ್ಲವರಿಗೆ ಪತ್ರ ಬರೆದಿದ್ದೇವೆ.