ನೀತಿ ಮರುಪರಿಶೀಲನೆ: ಕರ್ನಾಟಕದ ಭೂಸುಧಾರಣೆ

ನೀತಿ ಮರುಪರಿಶೀಲನೆ ಎಂದರೆ ಜಾರಿಗೆ ಬಂದ ನೀತಿಯ ಫಲವನ್ನು ಅಳೆದು, ಲೋಪ ಕಂಡಲ್ಲಿ ತಿದ್ದುವ ಕ್ರಮ. ಕರ್ನಾಟಕದಲ್ಲಿ ಇದರ ಗಟ್ಟಿ ನಿದರ್ಶನ ಭೂಸುಧಾರಣೆ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಧಣಿಗಳು ಗೇಣಿಭೂಮಿ ಮರಳಿ ಪಡೆಯಲು 1961ರ ಭೂಸುಧಾರಣಾ ಕಾಯ್ದೆ ದಾರಿ ಬಿಟ್ಟಿತ್ತು. ಬಾಯಿಮಾತಿನ ಗೇಣಿಗೆ ದಾಖಲೆಯಿಲ್ಲದ ಒಕ್ಕಲು ನ್ಯಾಯಾಲಯದಲ್ಲಿ ನಿಸ್ಸಹಾಯಕ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಭೂಮಿಯನ್ನು ಸರ್ಕಾರಕ್ಕೆ ಸೇರಿಸಿ, ಒಕ್ಕಲಿನ ಹಕ್ಕಿನ ವಿಚಾರಣೆಯನ್ನು ಭೂನ್ಯಾಯಮಂಡಳಿಗಳಿಗೆ ಒಪ್ಪಿಸಿತು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಬಡ ಒಕ್ಕಲಿಗೆ ಅದೇ ದೊಡ್ಡ ಬಲವಾಯಿತು. ಚಾಲಗೇಣಿ (ಕಾಯಂ ಅಲ್ಲದ ಗೇಣಿ) ದಟ್ಟವಾಗಿದ್ದ ದಕ್ಷಿಣ ಕನ್ನಡದಲ್ಲಿ ಪರಿಣಾಮ ಎದ್ದು ಕಂಡಿತು. ಒಡೆತನ ಕೋರಿ ಒಕ್ಕಲು ಸಲ್ಲಿಸಬೇಕಿದ್ದ ನಮೂನೆ 7ರ ಅರ್ಜಿಯ ಗಡುವನ್ನು 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು. ಆದರೆ ಮಂಗಳೂರು ನಗರದ ಮನೆ ನಿವೇಶನಗಳ ಮೂಲಗೇಣಿ (ಕಾಯಂ ಗೇಣಿ), ಕೃಷಿಭೂಮಿಯಲ್ಲದ ಕಾರಣ, ಈ ಸುಧಾರಣೆಯಿಂದ ಹೊರಗುಳಿಯಿತು. ಮೂಲಗೇಣಿದಾರರಿಗೆ ಒಡೆತನ ನೀಡುವ ಪ್ರತ್ಯೇಕ ಕಾಯ್ದೆ ರೂಪುಗೊಂಡದ್ದು 2011ರಲ್ಲಿ, ತೀರ ತಡವಾಗಿ.