ಪಟ್ಟಿಯಲ್ಲಿ ಯಾರಿಲ್ಲ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕಾಲೇಜು ಹುಡುಗರು ರಕ್ತದಾನ ಶಿಬಿರ ನಡೆಸುವುದನ್ನೋ, ಸ್ಟೇಷನ್ ಹೊರಗೆ ಬೀದಿನಾಟಕ ಆಡುವುದನ್ನೋ ನೀವು ನೋಡಿರಬಹುದು. "ಇದೆಲ್ಲ ಸರ್ಟಿಫಿಕೇಟಿಗಾಗಿ ಬಿಡಿ" ಅಂತ ಯಾರೋ ಹೇಳಿದ್ದನ್ನೂ ಕೇಳಿರಬಹುದು. ಕೆಲವರ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಈ ಕೆಲಸದ ಬೇರು ಎಷ್ಟು ಹಳೆಯದು ಗೊತ್ತೇ? 175 ವರ್ಷಕ್ಕಿಂತಲೂ ಹಿಂದಿನದು.

1848ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯ ವಿದ್ಯಾರ್ಥಿಗಳು ಮತ್ತು ಯುವ ಅಧ್ಯಾಪಕರು ಸೇರಿ 'ಸ್ಟೂಡೆಂಟ್ಸ್ ಲಿಟರರಿ ಆ್ಯಂಡ್ ಸೈಂಟಿಫಿಕ್ ಸೊಸೈಟಿ' ಕಟ್ಟಿದರು. ದಾದಾಭಾಯಿ ನವರೋಜಿ ಅವರಲ್ಲೊಬ್ಬರು. ಪ್ರಬಂಧ ಓದುವುದು, ಚರ್ಚೆ ಮಾಡುವುದು ಅವರ ಕೆಲಸವಾಗಿತ್ತು. ಆದರೆ ಹೆಣ್ಣುಮಕ್ಕಳಿಗೆ ಓದು ಬೇಕೆಂದು ಬರೀ ಮಾತಾಡಿದರೆ ಸಾಕೇ? 1849ರಲ್ಲಿ ಅವರೇ ಶಾಲೆಗಳನ್ನು ತೆರೆದು, ಸಂಬಳವಿಲ್ಲದೆ ಪಾಠ ಹೇಳಿದರು. ಮಕ್ಕಳನ್ನು ಕಳಿಸಿ ಎಂದು ಮನೆಮನೆಗೆ ಹೋದಾಗ ಕೆಲವು ತಂದೆಯರು ಮೆಟ್ಟಿಲಿನಿಂದ ಕೆಳಗೆ ತಳ್ಳುತ್ತೇವೆಂದು ಹೆದರಿಸಿದ್ದರಂತೆ. ಆದರೂ 44 ಪಾರ್ಸಿ ಹುಡುಗಿಯರು, 24 ಹಿಂದೂ ಹುಡುಗಿಯರು ಬಂದರು.

ಆ ಲೆಕ್ಕವನ್ನು ಇನ್ನೊಮ್ಮೆ ಓದಿ. ಅದರಲ್ಲಿ ನಮ್ಮ ಹೆಣ್ಣುಮಕ್ಕಳಿಲ್ಲ. ಬದ್ರುದ್ದೀನ್ ತೈಯಬ್ಜಿ ಮತ್ತು ಗೆಳೆಯರು ಅಂಜುಮನ್-ಎ-ಇಸ್ಲಾಂ ಸ್ಥಾಪಿಸಿದ್ದು 1874ರಲ್ಲಿ. ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು. ಅಲ್ಲಿಯೂ ಮೊದಲು ಶಾಲೆ ತೆರೆದದ್ದು ಗಂಡುಮಕ್ಕಳಿಗೆ. ಒಳ್ಳೆಯ ಕೆಲಸದಲ್ಲೂ ಯಾರೋ ಹೊರಗುಳಿಯುತ್ತಾರೆ. ಹೊರಗುಳಿದವರು ತಾವೇ ಕೆಲಸಕ್ಕೆ ಇಳಿದಾಗಲೂ ಇನ್ಯಾರನ್ನೋ ಮರೆಯುತ್ತಾರೆ.

ಈಗ ಮುಂಬಯಿಯಿಂದ ರೈಲು ಹತ್ತೋಣ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು ಥಾಣೆ ಮುಟ್ಟಿತು. ಮರುವರ್ಷ ಹಳಿ ಕಲ್ಯಾಣಕ್ಕೂ ಬಂತು. ಮುಂದೆ ಮುಂಬಯಿಯಲ್ಲಿ ಜಾಗ ಸಿಗದವರೆಲ್ಲ ಈ ಹಳಿಯ ಗುಂಟ ನೆಲೆನಿಂತರು. ದೇಶ ವಿಭಜನೆಯಾದಾಗ ಬಂದ ಸಿಂಧಿ ನಿರಾಶ್ರಿತರು ಕಲ್ಯಾಣದ ಪಕ್ಕದ ಶಿಬಿರದಲ್ಲಿ ಉಳಿದರು, ಅದು ಉಲ್ಲಾಸನಗರವಾಯಿತು. ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ ಬಂದ ನಮ್ಮವರ ಸಂಸಾರಗಳು ಥಾಣೆ, ಡೊಂಬಿವಲಿಯಲ್ಲಿ ಬೇರೂರಿದವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿ ಮುಂಬಯಿ ಎದ್ದಿತು, ಅದಕ್ಕೆ ಭೂಮಿ ಕೊಟ್ಟವರು ಆಗ್ರಿ-ಕೋಳಿ ಹಳ್ಳಿಗಳ ಜನ. 1992–93ರ ಗಲಭೆಯ ನಂತರ ಎಷ್ಟೋ ಮುಸ್ಲಿಂ ಕುಟುಂಬಗಳು ಮುಂಬ್ರಾಕ್ಕೆ ಬಂದವು. ಒಂದೇ ಲೋಕಲ್ ಹತ್ತುವ ಜನ, ಆದರೆ ಒಬ್ಬರ ಗಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ. ಇಲ್ಲಿನ ಕಾಲೇಜು ಮಕ್ಕಳು ಸೇವೆಗೆ ಇಳಿಯುವುದು ಇಂಥ ಊರುಗಳಲ್ಲಿ.

ಇಂದಿನ ಎನ್‌ಎಸ್‌ಎಸ್ ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ನಮ್ಮ ಬಳ್ಳಾರಿಯ ಸಂಸದರು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ವಿಶೇಷ ಶಿಬಿರ, ಇದು ಅದರ ಕ್ರಮ. 'ನಾನಲ್ಲ, ನೀನು' ಎಂಬುದು ಧ್ಯೇಯವಾಕ್ಯ. ಗಂಟೆಗಳನ್ನು ಎಣಿಸುವುದು ಸುಲಭ. ಆ 'ನೀನು' ಯಾರು ಎಂದು ಹುಡುಕುವುದೇ ಕಷ್ಟ.

ಒಂದು ಉದಾಹರಣೆ ನೋಡಿ. ದೃಷ್ಟಿಯಿಲ್ಲದ ವಿದ್ಯಾರ್ಥಿ ಪರೀಕ್ಷೆ ಬರೆಯಬೇಕಾದರೆ ಉತ್ತರ ಬರೆದುಕೊಡುವ ಒಬ್ಬರು ಬೇಕು. 2013ರ ಕೇಂದ್ರ ಮಾರ್ಗಸೂಚಿ ಅವರಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು. 1995ರ ಕಾನೂನು ಗುರುತಿಸಿದ್ದು ಏಳು ಬಗೆಯ ವೈಕಲ್ಯಗಳನ್ನು, 2016ರ ಕಾನೂನು 21 ಬಗೆಗಳನ್ನು. ಕಾನೂನೇನೋ ಬಂತು. ಆದರೆ ಪರೀಕ್ಷೆಯ ದಿನ ಬೆಳಿಗ್ಗೆ ಪೆನ್ನು ಹಿಡಿದು ಪಕ್ಕದಲ್ಲಿ ಕೂರುವವರು ಯಾರು? ಅದಕ್ಕೆ ಇನ್ನೊಬ್ಬ ವಿದ್ಯಾರ್ಥಿಯೇ ಬೇಕು. ಅಲ್ಲಿ ಭಾಷಣವಿಲ್ಲ, ಫೋಟೋ ಇಲ್ಲ. ಪ್ರಶ್ನೆಯನ್ನು ಸ್ಪಷ್ಟವಾಗಿ ಓದಬೇಕು, ಅವರು ಹೇಳಿದ್ದನ್ನೇ ಬರೆಯಬೇಕು. "ಇದು ತಪ್ಪಲ್ವಾ" ಅನ್ನಿಸಿದರೂ ತಿದ್ದಬಾರದು, ಯಾಕೆಂದರೆ ಉತ್ತರ ಅವರದು. ದಯೆ ತೋರಿಸುವುದಕ್ಕೂ ಒಬ್ಬರನ್ನು ಸರಿಸಮಾನರೆಂದು ಒಳಗೆ ಕರೆಯುವುದಕ್ಕೂ ಇರುವ ವ್ಯತ್ಯಾಸ ಈ ಮೂರು ಗಂಟೆಗಳಲ್ಲಿ ಅರ್ಥವಾಗುತ್ತದೆ.

ಕಾಲೇಜು ಸೇರುವ ತಮ್ಮ ತಂಗಿಯರೇ, ಎನ್‌ಎಸ್‌ಎಸ್‌ಗೆ ಹೆಸರು ಬರೆಸಿ. ಹಿಜಾಬ್ ಹಾಕುವವಳೂ ಬರೆಸಲಿ, ವೀಲ್‌ಚೇರಿನಲ್ಲಿ ಬರುವವನೂ ಬರೆಸಲಿ. ಸೇವೆ ಪಡೆಯುವವರ ಸಾಲಿನಲ್ಲಿ ಮಾತ್ರವಲ್ಲ, ಯೋಜನೆ ಮಾಡುವವರ ಸಾಲಿನಲ್ಲೂ ಅವರಿರಬೇಕು. ಮನೆಯ ಹಿರಿಯರೇ, ಮಗಳು ಶಿಬಿರಕ್ಕೆ ಹೋಗುತ್ತೇನೆ ಅಂದರೆ "ಯಾಕೆ ಬೇಕು ಅದೆಲ್ಲ" ಅನ್ನಬೇಡಿ. 1849ರಲ್ಲಿ ಬಾಗಿಲು ಮುಚ್ಚಿದ ತಂದೆಯರೂ ಕೇಳಿದ್ದು ಇದನ್ನೇ ಅಲ್ಲವೇ? ಇನ್ನು ಮೊದಲ ಸಭೆಯಲ್ಲಿ ಹಾಜರಿ ಪಟ್ಟಿ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಯಾರಿಲ್ಲ? ಉತ್ತರ ಸಿಕ್ಕರೆ ಆ ವರ್ಷದ ಮೊದಲ ಕೆಲಸವೂ ಸಿಕ್ಕಿತು ಅಂತ ತಿಳಿಯಿರಿ.